ಕಾರ್ನಿಯಾ ಸಂಶೋಧನೆ: ಸಣ್ಣ ಸಭೆಗೂ ಬೇಕು ಸರ್ಕಾರದ ಹಣ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದಿತೆಂಬ ಸುದ್ದಿ ನಾಡಿನ ಮನ ಕಲಕಿತು. ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಂದೆ ಬಂದರು. ಎರಡು ಕಣ್ಣು ನಾಲ್ವರಿಗೆ ಹೇಗೆ ಸಾಕಾಯಿತು ಎಂಬ ಪ್ರಶ್ನೆ ಮಾತ್ರ ಹೆಚ್ಚು ಚರ್ಚೆಯಾಗಲಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಆ ತೆಳು ಪಟಲದಲ್ಲೂ ಹಲವು ಪದರಗಳಿವೆ. ಮುಂದಿನ ಪದರಗಳನ್ನು ಒಬ್ಬರಿಗೆ, ಹಿಂದಿನದನ್ನು ಮತ್ತೊಬ್ಬರಿಗೆ ಕಸಿ ಮಾಡುವುದು ಇಂದು ಸಾಧ್ಯ. ನೆದರ್ಲೆಂಡ್ಸಿನ ಗೆರಿಟ್ ಮೆಲ್ಲೆಸ್ 1998ರಲ್ಲಿ ಹಿಂದಿನ ಪದರವನ್ನಷ್ಟೇ ಬದಲಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಈ ವಿದ್ಯೆ ವೇಗವಾಗಿ ಬೆಳೆಯಿತು. ದಾನ ಕುಟುಂಬದ ಔದಾರ್ಯ. ಅದನ್ನು ಇಮ್ಮಡಿಯಾಗಿಸಿದ್ದು ಸಂಶೋಧನೆ.

ನಮ್ಮಲ್ಲಿ ಅಂಧತ್ವ ನಿವಾರಣೆ ಎಂದೊಡನೆ ನೆನಪಾಗುವುದು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಶಿಬಿರ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಈ ದಿಕ್ಕಿನಲ್ಲಿ ದೊಡ್ಡ ಕೆಲಸವನ್ನೇ ಮಾಡಿದೆ. ಆದರೆ 2015-19ರ ರಾಷ್ಟ್ರೀಯ ಸಮೀಕ್ಷೆ ಬೇರೊಂದು ಸಂಗತಿಯನ್ನೂ ತೋರಿಸಿತು. 50 ದಾಟಿದವರಲ್ಲಿ ಅಂಧತ್ವಕ್ಕೆ ಮುಖ್ಯ ಕಾರಣ ಪೊರೆ. 50 ತುಂಬದವರಲ್ಲಿ ಮೊದಲ ಕಾರಣ ಕಾರ್ನಿಯಾ ಮಸುಕಾಗುವುದು, ಶೇ 37.5ರಷ್ಟು. ಪೊರೆಯಿಂದ ಕುರುಡಾದ ವೃದ್ಧರ ಸಂಕಟ ಕಡಿಮೆಯದೆಂದು ನಾನು ಹೇಳುತ್ತಿಲ್ಲ. ಆದರೆ ಕಾರ್ನಿಯಾ ಹಾಳಾದ ಮೂವತ್ತರ ಕೂಲಿಕಾರ ಕಳೆದುಕೊಳ್ಳುವುದು ಮೂರು ದಶಕದ ದುಡಿಮೆಯನ್ನು.

ಇಂಥವರಲ್ಲಿ ಬಹಳ ಮಂದಿ ಕೃಷಿ ಕೆಲಸದವರು. ಭತ್ತದ ಗರಿಯೋ ಕಬ್ಬಿನ ಎಲೆಯೋ ಕಣ್ಣಿಗೆ ತರಚಿ, ಆ ಗಾಯದಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗುತ್ತದೆ. ಚಿಕಿತ್ಸೆ ತಡವಾದರೆ ಉಳಿಯುವುದು ಬಿಳಿಯ ಕಲೆ. ಈ ಹುಣ್ಣಿಗೆ ಹಳೆಯ ನಾಟಮೈಸಿನ್ ಹನಿಔಷಧ ಮೇಲೋ, ಹೊಸ ವೊರಿಕೊನಜೋಲ್ ಮೇಲೋ? ತಮಿಳುನಾಡಿನ ಅರವಿಂದ ಕಣ್ಣಿನ ಆಸ್ಪತ್ರೆಗಳು ಅಮೆರಿಕದ ವಿಜ್ಞಾನಿಗಳ ಜೊತೆಗೂಡಿ 323 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2013ರಲ್ಲಿ ಪ್ರಕಟವಾಯಿತು: ಹಳೆಯದೇ ಮೇಲು. ರೋಗಿಗಳು ನಮ್ಮವರು, ಹೊಲ ನಮ್ಮದು. ಹಣ ಮಾತ್ರ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯದು. ಆ ದೇಶಕ್ಕೆ ನಾವು ಕೃತಜ್ಞರಾಗಿರೋಣ, ಜೊತೆಗೆ ಸ್ವಲ್ಪ ನಾಚಿಕೆಯನ್ನೂ ಪಡೋಣ.

ಇನ್ನೂ ತೀರ್ಮಾನವಾಗದ ಪ್ರಶ್ನೆಗಳಿವೆ. ಕಣ್ಣು ತರಚಿದ ಕೂಡಲೇ ಹಳ್ಳಿಯ ಸ್ವಯಂಸೇವಕರೇ ಕ್ಲೋರಾಂಫೆನಿಕಾಲ್ ಮುಲಾಮು ಹಚ್ಚಿದರೆ ಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದೆಂದು ನೇಪಾಳದ ಭಕ್ತಪುರದ ಅಧ್ಯಯನ 2001ರಲ್ಲಿ ಹೇಳಿತ್ತು. ಅದೇ ನೇಪಾಳದಲ್ಲಿ ಹಳ್ಳಿಗಳನ್ನು ಎರಡು ಗುಂಪು ಮಾಡಿ ನಡೆಸಿದ, 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಮುಲಾಮು ವ್ಯರ್ಥವೇ, ಅಥವಾ ಗಾಯವಾದವರು ಸ್ವಯಂಸೇವಕಿಯ ಬಳಿ ಬರಲಿಲ್ಲವೇ? ನಮ್ಮ ಆಶಾ ಕಾರ್ಯಕರ್ತೆಯರ ಕೈಗೆ ಅದನ್ನು ಕೊಡಬೇಕೆ, ಬೇಡವೆ? ಇದನ್ನು ಶಸ್ತ್ರವೈದ್ಯರೊಬ್ಬರೇ ನಿರ್ಧರಿಸಲಾರರು. ಸೂಕ್ಷ್ಮಜೀವಿ ತಜ್ಞರು, ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿಗಳು, ನೇತ್ರಬ್ಯಾಂಕಿನ ತಂತ್ರಜ್ಞರು, ಸಂಖ್ಯಾಶಾಸ್ತ್ರಜ್ಞರು ಒಂದು ಮೇಜಿನ ಸುತ್ತ ಎರಡು ದಿನ ಕೂರಬೇಕು.

ಸಾವಿರಾರು ಮಂದಿ ಸೇರುವ ವೈದ್ಯಕೀಯ ಸಮ್ಮೇಳನಗಳು ಈ ಕೆಲಸ ಮಾಡವು. ಅವುಗಳ ವೆಚ್ಚದಲ್ಲಿ ದೊಡ್ಡ ಪಾಲು ಬರುವುದು ಔಷಧ ಮತ್ತು ಉಪಕರಣಗಳ ಕಂಪನಿಗಳಿಂದ. ಕಂಪನಿಗಳನ್ನು ದೂರುವುದರಲ್ಲಿ ಅರ್ಥವಿಲ್ಲ. ತಮ್ಮ ಸರಕು ಮಾರಾಟವಾಗುವ ಕಡೆ ಅವು ಹಣ ಹೂಡುತ್ತವೆ. ಲೇಸರ್ ಯಂತ್ರಕ್ಕೆ ಪ್ರಾಯೋಜಕರು ಸಿಗುತ್ತಾರೆ, ಭತ್ತದ ಗರಿಗೆ ಸಿಗುವುದಿಲ್ಲ. ಯಾರೂ ಮಾರಲಾಗದ, ಎಲ್ಲರಿಗೂ ಬೇಕಾದ ಇಂಥ ಜ್ಞಾನವನ್ನೇ ಅರ್ಥಶಾಸ್ತ್ರ ಸಾರ್ವಜನಿಕ ಸರಕೆಂದು ಕರೆಯುತ್ತದೆ. ಅದರ ವೆಚ್ಚವನ್ನು ಬೊಕ್ಕಸವೇ ಭರಿಸಬೇಕು.

ಬೊಕ್ಕಸದ ಬಾಗಿಲಲ್ಲಿ ಏನಾಗುತ್ತದೆಂಬುದನ್ನು ನಾನು ಬಲ್ಲೆ. ಸೇವೆಯಲ್ಲಿದ್ದಾಗ ಇಂಥದೇ ಒಂದು ಕಡತ ನನ್ನ ಮುಂದೆ ಬಂದಿತ್ತು. ಕೇಳಿದ್ದು ಸಣ್ಣ ಮೊತ್ತ. 'ಲೆಕ್ಕಶೀರ್ಷಿಕೆ ಸ್ಪಷ್ಟಪಡಿಸಿ ಮರುಮಂಡಿಸಿ' ಎಂದು ಬರೆದು ಹಿಂದಕ್ಕೆ ಕಳುಹಿಸಿದೆ. ಟಿಪ್ಪಣಿ ನಿಯಮಬದ್ಧವಾಗಿತ್ತು. ಕಡತ ಮರಳಿ ಬರುವಷ್ಟರಲ್ಲಿ ಸಭೆಯ ದಿನಾಂಕ ಕಳೆದಿತ್ತು. ಕೋಟಿಗಟ್ಟಲೆಯ ಕಟ್ಟಡಕ್ಕೂ ಲಕ್ಷಗಟ್ಟಲೆಯ ಸಭೆಗೂ ನಮ್ಮಲ್ಲಿ ಬೇಕಾಗುವ ಸಹಿಗಳು ಹೆಚ್ಚುಕಡಿಮೆ ಒಂದೇ. ಕಟ್ಟಡ ಕಾಯುತ್ತದೆ, ಸಭೆ ಕಾಯಲಾರದು.

ಸಮ್ಮೇಳನವೆಂದರೆ ಭೋಜನ, ಶಾಲು, ಸ್ಮರಣ ಸಂಚಿಕೆ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಹುರುಳಿದೆ, ಅಂಥ ಹಲವು ಸಮಾರಂಭಗಳಲ್ಲಿ ನಾನೇ ಶಾಲು ಹೊದೆಸಿಕೊಂಡಿದ್ದೇನೆ. ಆದ್ದರಿಂದ ಷರತ್ತುಗಳಿರಲಿ. ಅರವತ್ತು ಮಂದಿಯ ಮಿತಿ, ವೈದ್ಯಕೀಯ ಕಾಲೇಜಿನದೇ ಸಭಾಂಗಣ, ಅತಿಥಿಗೃಹದಲ್ಲಿ ವಾಸ, ರೈಲು ಪ್ರಯಾಣ. ನನ್ನ ಲೆಕ್ಕದಲ್ಲಿ ಆರು ಲಕ್ಷ ರೂಪಾಯಿಗೆ ಎರಡು ದಿನದ ಸಭೆ ಮುಗಿಯುತ್ತದೆ. ಅರ್ಧ ಹಣ ಮುಂಗಡವಾಗಿ, ಉಳಿದರ್ಧ ಹಣ ಬಳಕೆ ಪ್ರಮಾಣಪತ್ರದ ಜೊತೆಗೆ ಮುಂದಿನ ಪರೀಕ್ಷೆಗಳ ಕರಡು ಯೋಜನೆ ಬಂದ ಮೇಲೆ. ಅರ್ಜಿ ಎರಡು ಪುಟ ಮೀರದಿರಲಿ, ಉತ್ತರ ಆರು ವಾರ ಮೀರದಿರಲಿ.

2023ರ ಕಾಯ್ದೆಯಡಿ ಸ್ಥಾಪನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಒದಗಿಸುವ ಅಂದಾಜಿತ್ತು. ಬಹುಪಾಲು ಖಾಸಗಿ ವಲಯದಿಂದ ಬರಬೇಕೆಂಬುದು ನಿರೀಕ್ಷೆ. ಖಾಸಗಿ ಹಣ ಎತ್ತ ಹರಿಯುತ್ತದೆಂಬುದನ್ನು ಮೇಲೆ ಹೇಳಿದ್ದೇನೆ. ರಾಜ್ಯ ಸರ್ಕಾರ ದೆಹಲಿಯತ್ತ ನೋಡುತ್ತ ಕೂರಬೇಕಿಲ್ಲ. ಸಭೆ ಬೆಂಗಳೂರಿನಲ್ಲೇ ನಡೆಯಬೇಕೆಂದೂ ಇಲ್ಲ. ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಕೃಷಿ ವಿಶ್ವವಿದ್ಯಾಲಯವಿದೆ, ಜಿಲ್ಲೆಯಲ್ಲಿ ತುಂಗಭದ್ರಾ ನಾಲೆಯ ನೀರುಣ್ಣುವ ಭತ್ತದ ಗದ್ದೆಗಳಿವೆ. ಮುಂಗಾರು ಭತ್ತದ ಕೊಯ್ಲು ಶುರುವಾಗುವ ಮೊದಲೇ ಅಲ್ಲೊಂದು ಸಭೆ ಸೇರಿದರೆ, ಆ ಹಂಗಾಮಿನಿಂದಲೇ ಕಣ್ಣಿನ ಗಾಯಗಳ ಎಣಿಕೆ ಆರಂಭಿಸಬಹುದು.