ವಾರಂಟಿ ಪತ್ರ ಬೀರುವಿನಲ್ಲಿದ್ದರೆ ಸಾಲದು

ಕೊಳೆರೋಗ, ಕಾಂಡಕೊರಕ, ಗೊಬ್ಬರ, ಧಾರಣೆ ಇವುಗಳ ಬಗ್ಗೆ ನಾವು ಆಡುವ ಮಾತಿಗೆ ಲೆಕ್ಕವಿಲ್ಲ. ಆದರೆ ಮನೆಯಂಗಳದಲ್ಲಿ ನಿಂತಿರುವ ವಾಹನದ ಬಗ್ಗೆ, ಅದು ಕೆಟ್ಟು ನಿಲ್ಲುವವರೆಗೆ, ಯಾರೂ ಯೋಚಿಸುವುದಿಲ್ಲ. ಗೊಬ್ಬರ ತರಲು, ಆಳುಗಳನ್ನು ಕರೆತರಲು, ಅಡಿಕೆ ಮೂಟೆ ಸಾಗಿಸಲು, ಅಪರಾತ್ರಿಯಲ್ಲಿ ಆಸ್ಪತ್ರೆಗೆ ಓಡಲು ಅದೇ ಬೇಕು. ಎರಡು ಮೂರು ಎಕರೆಯ ಬೆಳೆಗಾರ ಸಾಲ ಮಾಡಿ ಕಾರನ್ನೋ ಪಿಕಪ್ಪನ್ನೋ ಕೊಳ್ಳುವ ದಿನ, ಮಾರುವವರು ಇನ್ನೂ ಕೆಲವು ಸಾವಿರ ಕಟ್ಟಿಸಿಕೊಂಡು 'ಎಕ್ಸ್‌ಟೆಂಡೆಡ್ ವಾರಂಟಿ' ಎಂಬ ಇಂಗ್ಲಿಷ್ ಕಾಗದವೊಂದನ್ನು ಕೈಗಿಡುತ್ತಾರೆ. ಕಂಪನಿಯ ಮೂಲ ವಾರಂಟಿ ಮುಗಿದ ಮೇಲೂ ರಿಪೇರಿ ಖರ್ಚಿನ ಭಯವಿಲ್ಲ ಎಂಬ ಭರವಸೆಯೊಡನೆ ಅದು ಬೀರು ಸೇರುತ್ತದೆ. ಗೇರ್‌ಬಾಕ್ಸ್ ಕೆಟ್ಟ ದಿನ ಹೊರಗೆ ಬರುತ್ತದೆ. ಆಗ ಓದಿ ಪ್ರಯೋಜನವೇನು?

ಕುಮಾರ ವಾಲ್ಮೀಕಿಯ ರಾಮಾಯಣದಿಂದ ಹೆಸರಾದ ವಿಜಯಪುರದ ಬಳಿಯ ತೊರವಿ ನನ್ನೂರು. ಇಲ್ಲಿ ಕಾಫಿ ಇಲ್ಲ, ಅಡಿಕೆ ಇಲ್ಲ. ತೊರವಿಯಿಂದ ತಿಕೋಟಾದವರೆಗೆ ದ್ರಾಕ್ಷಿಯ ಮಾತೇ ಹೆಚ್ಚು. ಆದರೆ ನಮ್ಮ ಧೂಳು ಬಿಸಿಲಿಗೂ ನಿಮ್ಮ ಘಟ್ಟದ ಮಳೆ ಕೆಸರಿಗೂ ಕಂಪನಿಯವರು ಕೊಡುವ ವಾರಂಟಿ ಪತ್ರ ಒಂದೇ. ಆದ್ದರಿಂದ ಇಲ್ಲಿಯ ಬೆಳೆಗಾರರೊಬ್ಬರಿಗೆ ಆದುದನ್ನು ಹೇಳಿದರೆ ನಿಮಗೂ ಉಪಯೋಗವಾದೀತು.

ಅವರ ಪಿಕಪ್ಪಿನ ಗೇರ್‌ಬಾಕ್ಸ್ ನಾಲ್ಕನೆಯ ವರ್ಷದಲ್ಲಿ ಕೈಕೊಟ್ಟಿತು. ಹಣ ಕಟ್ಟಿ ಕೊಂಡಿದ್ದ ಹೆಚ್ಚುವರಿ ವಾರಂಟಿ ಇನ್ನೂ ಚಾಲ್ತಿಯಲ್ಲಿತ್ತು. ಆದರೆ ಹಿಂದಿನ ವರ್ಷ ದ್ರಾಕ್ಷಿ ಕೊಯ್ಲಿನ ಗಡಿಬಿಡಿಯಲ್ಲಿ ಒಂದು ಸರ್ವೀಸ್ ಒಂದೂವರೆ ತಿಂಗಳು ತಡವಾಗಿತ್ತು. 'ಷರತ್ತು ಮುರಿದಿದ್ದೀರಿ, ವಾರಂಟಿ ಹೋಯಿತು' ಎಂದು ವರ್ಕ್‌ಶಾಪಿನವರು ಬಾಯಿಮಾತಿನಲ್ಲಿ ಹೇಳಿ ಕಳಿಸಿದರು. ಅವರು ಜಗಳಕ್ಕೆ ಹೋಗಲಿಲ್ಲ. ಯಾವ ಷರತ್ತು, ತಡವಾದ ಆ ಸರ್ವೀಸಿಗೂ ಈ ಗೇರ್‌ಬಾಕ್ಸಿಗೂ ಏನು ಸಂಬಂಧ, ಎರಡನ್ನೂ ಬರೆದು ಕೊಡಿ ಎಂದು ಕಾಗದ ಹಾಕಿದರು. ಎರಡನೆಯ ಕಾಗದದ ನಂತರ ಬಿಡಿಭಾಗದ ಖರ್ಚು ಕಂಪನಿಯದು, ಕೂಲಿ ಇವರದು ಎಂದು ತೀರ್ಮಾನವಾಯಿತು. ಪೂರ್ಣ ನ್ಯಾಯವಲ್ಲ, ನಿಜ. ಆದರೆ ಬಾಯಿಮಾತಿನ 'ಇಲ್ಲ'ವನ್ನು ಒಪ್ಪಿಕೊಂಡು ಮನೆಗೆ ಬಂದಿದ್ದರೆ ಅದೂ ಸಿಗುತ್ತಿರಲಿಲ್ಲ.

ಇದರಿಂದ ಹೊರಡುವ ಮೊದಲ ಮಾತು ಸರ್ವೀಸಿನದು. 'ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು' ಎಂಬ ಸಾಲು ಸಣ್ಣ ಬೆಳೆಗಾರನಿಗೇ ಹೆಚ್ಚು ಹೊಡೆತ ಕೊಡುತ್ತದೆ. ನಮ್ಮ ವಾಹನ ಓಡುವುದು ಕಡಿಮೆ. ಕಿಲೋಮೀಟರ್ ಆಗಿಲ್ಲವೆಂದು ನಾವು ಸುಮ್ಮನಿರುತ್ತೇವೆ, ತಿಂಗಳು ಮುಗಿದಿರುತ್ತದೆ. ಅದೂ ಎಂಥ ತಿಂಗಳು! ಕಾಫಿ ಕೊಯ್ಲು, ಅಡಿಕೆ ಕೊಯ್ಲು, ಸುಲಿತ ಎಲ್ಲ ಒಟ್ಟಿಗೆ ಬರುವ ಕಾಲ. ಕೊಪ್ಪ, ಶೃಂಗೇರಿ, ಮೂಡಿಗೆರೆಯ ಕಡೆಯ ಹಳ್ಳಿಯಿಂದ ಅಧಿಕೃತ ವರ್ಕ್‌ಶಾಪಿಗೆ ಹೋಗಿ ಬರಲು ಒಂದು ದಿನದ ಕೆಲಸವೇ ಹೋಗುತ್ತದೆ. ಹಾಗೆಂದು ಊರಿನ ಗ್ಯಾರೇಜಿನಲ್ಲಿ ಆಯಿಲ್ ಬದಲಾಯಿಸಿದರೆ ಅದನ್ನೇ ನೆಪ ಮಾಡುವವರಿದ್ದಾರೆ. ಆದ್ದರಿಂದ ಸರ್ವೀಸನ್ನು ಕೊಯ್ಲಿಗೆ ಮೊದಲೇ ಮುಗಿಸಿ, ಬಿಲ್ಲುಗಳನ್ನು ಒಂದೇ ಕಡೆ ಕಟ್ಟಿಡುವುದು ಕ್ಷೇಮ.

ಎರಡನೆಯದು, ಯಾವ ಖರ್ಚು ಯಾರ ಲೆಕ್ಕಕ್ಕೆ ಎಂಬ ತಿಳಿವಳಿಕೆ. ಅಪಘಾತವಾದರೆ ವಿಮೆ. ತಯಾರಿಕೆಯ ದೋಷದಿಂದ ಯಂತ್ರ ಕೆಟ್ಟರೆ ವಾರಂಟಿ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟಯರು, ವೈಪರ್ ಮುಂತಾಗಿ ಸವೆಯುವ ಸಾಮಾನು ಸಾಮಾನ್ಯವಾಗಿ ನಮ್ಮದೇ ಲೆಕ್ಕ. ಇಲಿ ಕಡಿದ ವಯರಿಂಗನ್ನು ವಾರಂಟಿಗೆ ಸೇರಿಸುವುದಿಲ್ಲ. ತುಂಬಿದ ಹಳ್ಳದಲ್ಲಿ ನುಗ್ಗಿಸಿ ಎಂಜಿನ್ನಿಗೆ ನೀರು ಹೋದರೆ ವಾರಂಟಿಯೂ ಕೊಡದು, ಸಾಧಾರಣ ವಿಮೆಯೂ ಅನೇಕ ವೇಳೆ ಕೊಡದು. ಕೆಂಪು ದೀಪ ಹತ್ತಿದ ಮೇಲೂ 'ಮನೆವರೆಗೆ ಹೋಗಿಬಿಡೋಣ' ಎಂದು ಓಡಿಸಿದರೆ ನಮ್ಮ ಹಕ್ಕನ್ನು ನಾವೇ ಕಳೆದುಕೊಂಡಂತೆ.

ಮೂರನೆಯದು, ವರ್ಕ್‌ಶಾಪಿನ ಬಾಗಿಲಲ್ಲಿ ತೋರಬೇಕಾದ ಎಚ್ಚರ. ದೂರನ್ನು ಜಾಬ್ ಕಾರ್ಡಿನಲ್ಲಿ ನಮ್ಮ ಮಾತಿನಲ್ಲೇ ಬರೆಸಬೇಕು. ಎಂಜಿನ್ ಅಥವಾ ಗೇರ್‌ಬಾಕ್ಸ್ ಬಿಚ್ಚುವ ಮೊದಲು, ವಾರಂಟಿ ಒಪ್ಪಿಗೆಯಾಗದಿದ್ದರೆ ಬಿಚ್ಚಿದ ಕೂಲಿ ಯಾರು ಕೊಡಬೇಕು ಎಂಬುದನ್ನು ಬರೆಸಿಕೊಳ್ಳಬೇಕು. ಈ ಒಂದು ಮಾತು ಕೇಳದೆ ಎಷ್ಟೋ ಮಂದಿ ಬಿಚ್ಚಿದ ವಾಹನ ಬಿಡಿಸಿಕೊಳ್ಳಲಾಗದೆ ಪೇಚಿಗೆ ಸಿಕ್ಕಿದ್ದಾರೆ. ಒಪ್ಪಿಗೆ ಬರುವ ಮುನ್ನ ರಿಪೇರಿ ಆರಂಭಿಸಬಾರದು. ವ್ಯಾಜ್ಯ ಬಗೆಹರಿಯುವ ತನಕ ಕೆಟ್ಟ ಭಾಗವನ್ನು ಕಳೆಯಬಾರದು.

ಇಷ್ಟಾದರೂ ಅನ್ಯಾಯವಾದರೆ ಕಾನೂನು ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಜಾಗದಲ್ಲಿ ಬಂದ 2019ರ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಇದರಂತೆ ಮಾರಾಟಗಾರನ ಊರಿಗೆ ಅಲೆಯಬೇಕಾಗಿಲ್ಲ, ನಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಅದು ವಿಜಯಪುರವಾಗಲಿ, ಚಿಕ್ಕಮಗಳೂರಾಗಲಿ, ಮಡಿಕೇರಿಯಾಗಲಿ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. 5ರಿಂದ 10 ಲಕ್ಷದವರೆಗೆ 200 ರೂಪಾಯಿ. ವಕೀಲರು ಕಡ್ಡಾಯವಲ್ಲ. ಆದರೆ ತೊಂದರೆ ಹುಟ್ಟಿದ 2 ವರ್ಷದೊಳಗೆ ದೂರು ಹೋಗಬೇಕು. ಅದಕ್ಕೂ ಮೊದಲು 1915ಕ್ಕೆ ಫೋನು ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು.

'ನಿಮ್ಮದು ವ್ಯಾಪಾರದ ವಾಹನ, ನೀವು ಗ್ರಾಹಕರೇ ಅಲ್ಲ' ಎಂಬ ಮಾತು ಪಿಕಪ್ ಇದ್ದವರಿಗೆ ಎದುರಾಗಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ತಾನೇ ಬಳಸಲು ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶವೆಂದು ಕಾಯಿದೆ ಎಣಿಸುವುದಿಲ್ಲ. ಬಾಡಿಗೆಗೆ ತಾನೇ ಓಡಿಸಿ ಬದುಕಲು ಆಟೋರಿಕ್ಷಾ ಕೊಂಡವನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟು 1995ರಲ್ಲೇ ವಿವರಿಸಿದೆ. ಆದರೆ ಅತಿಯಾಸೆಯೂ ಸಲ್ಲದು. ವಾರಂಟಿಯಲ್ಲಿ ದೋಷವಿರುವ ಭಾಗವನ್ನು ಬದಲಿಸುವ ಮಾತಷ್ಟೇ ಇದ್ದಾಗ ಇಡೀ ಕಾರನ್ನೇ ಬದಲಿಸಿ ಕೊಡಿ ಎನ್ನಲಾಗದೆಂದು ಅದೇ ನ್ಯಾಯಾಲಯ 2006ರಲ್ಲಿ ಹೇಳಿದೆ. ಪತ್ರದಲ್ಲಿರುವುದನ್ನು ಕೇಳೋಣ, ಇರುವುದನ್ನು ಬಿಡದೆ ಕೇಳೋಣ.

ಹಾಗಾದರೆ ಈ ಹೆಚ್ಚುವರಿ ವಾರಂಟಿ ಕೊಳ್ಳಬೇಕೇ, ಬೇಡವೇ? ಎಲ್ಲ ಮೋಸವೆಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಈಗಿನ ವಾಹನದಲ್ಲಿ ಇಂಜೆಕ್ಟರ್, ಟರ್ಬೊ, ಎಲೆಕ್ಟ್ರಾನಿಕ್ ಪೆಟ್ಟಿಗೆ ಇವುಗಳಲ್ಲಿ ಒಂದು ಕೆಟ್ಟರೂ ಖರ್ಚು ಹತ್ತಾರು ಸಾವಿರ. ಹೆಚ್ಚು ಓಡಿಸುವವನು, ಸರ್ವೀಸ್ ತಪ್ಪಿಸದವನು ಕೊಳ್ಳಲಿ. ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರೂ ಓಡಿಸದವನು, ವರ್ಕ್‌ಶಾಪಿನಿಂದ ದೂರ ಇರುವವನು ಆ ಹಣವನ್ನು ಸಂಘದಲ್ಲಿ ಠೇವಣಿಯಿಟ್ಟು ರಿಪೇರಿಗೆಂದು ಮೀಸಲಿಡುವುದೇ ಲೇಸು. ಕೊಳ್ಳುವವನು ವಾರಂಟಿ ಕೊಡುತ್ತಿರುವವರು ತಯಾರಕರೋ, ಮಾರಾಟಗಾರರೋ, ಬೇರೆ ಯಾವುದೋ ಕಂಪನಿಯೋ ಎಂದು ಮೊದಲು ಕೇಳಲಿ. ನಾಳೆ ಕಾಗದ ಬರೆಯಬೇಕಾದ್ದು ಅವರಿಗೇ.

ಕೊನೆಯದಾಗಿ ಸಂಘಗಳ ಪಾತ್ರ. ಒಬ್ಬೊಬ್ಬನೇ ಮಂಡಿಯ ಮುಂದೆ ನಿಂತಾಗ ಬೆಲೆ ಸಿಗದ ಅನುಭವವೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಲು ದಾರಿಯಾಯಿತು. ವರ್ಕ್‌ಶಾಪಿನ ಕೌಂಟರಿನ ಮುಂದೆ ನಾವು ಇಂದಿಗೂ ಒಬ್ಬೊಬ್ಬರೇ. ಮೂರು ಕೆಲಸಗಳನ್ನು ಸಂಘಗಳು ಕೈಗೆತ್ತಿಕೊಳ್ಳಬಹುದು. ವಾರಂಟಿಯ ಷರತ್ತುಗಳನ್ನು ಕನ್ನಡದಲ್ಲಿ ಕೊಡುವಂತೆ ಜಿಲ್ಲೆಯ ಮಾರಾಟಗಾರರನ್ನು ಲಿಖಿತವಾಗಿ ಒತ್ತಾಯಿಸುವುದು. ಕೊಯ್ಲಿಗೆ ಮುನ್ನ ಸಂಘದ ಆವರಣದಲ್ಲೇ ಅಧಿಕೃತ ಸರ್ವೀಸ್ ಶಿಬಿರ ನಡೆಸುವಂತೆ ಕೇಳುವುದು. ದೂರು ಬರೆಯಲು ಬಾರದ ಸದಸ್ಯನಿಗೆ ಬರೆದುಕೊಡಲು ವಾರಕ್ಕೊಂದು ದಿನ ಒಬ್ಬ ಗುಮಾಸ್ತರನ್ನು ನೇಮಿಸುವುದು. ಇವುಗಳಿಗೆ ದೊಡ್ಡ ಬಂಡವಾಳ ಬೇಡ. ಮುಂದಿನ ಮಹಾಸಭೆಯಲ್ಲಿ ಸದಸ್ಯ ಬಾಂಧವರು ಈ ವಿಷಯ ಎತ್ತಬೇಕೆಂದು ನನ್ನ ವಿನಂತಿ.