ನಿಲ್ಲುವ ಜಾಗವೂ ಕೊಳ್ಳುವ ಲೆನ್ಸೂ

ಕ್ಯಾಮೆರಾ ಕೊಳ್ಳಹೊರಟವನ ಕಿವಿಗೆ ಎರಡು ಬಗೆಯ ಉಪದೇಶಗಳು ಬೀಳುತ್ತವೆ. ಉಪಕರಣ ಉತ್ತಮವಾದಷ್ಟೂ ಚಿತ್ರ ಉತ್ತಮವಾಗುವುದೆಂದು ಹೇಳಿ, ಲೆನ್ಸಿನ ತೀಕ್ಷ್ಣತೆಯನ್ನೂ ಸೆನ್ಸರಿನ ವಿಸ್ತಾರವನ್ನೂ ಅಂಕಿಗಳಲ್ಲಿ ಅಳೆದು ತೋರಿಸುವವರದು ಒಂದು ಪಕ್ಷ. ನೋಡುವ ಕಣ್ಣೊಂದಿದ್ದರೆ ಯಾವ ಡಬ್ಬಿಯಾದರೂ ಆದೀತೆಂದು ನುಡಿದು, ಉಪಕರಣದ ಮಾತೆತ್ತುವುದನ್ನೇ ಅರಸಿಕತೆಯೆಂದು ಭಾವಿಸುವವರದು ಇನ್ನೊಂದು. ಮೊದಲನೆಯದು ವರ್ತಕರಿಗೆ ಪ್ರಿಯವಾದ ಮತ. ಎರಡನೆಯದು, ತಮಗೆ ಬೇಕಾದ ಲೆನ್ಸುಗಳನ್ನೆಲ್ಲ ಆಗಲೇ ಕೊಂಡು ಮುಗಿಸಿದವರ ಬಾಯಲ್ಲಿ ಹೆಚ್ಚಾಗಿ ಕೇಳಿಬರತಕ್ಕದ್ದು. ಉಪಕರಣ ಎಷ್ಟು ಮೇಲು ಎಂಬುದನ್ನೇ ಕುರಿತು ಇಬ್ಬರೂ ವಾದಿಸುತ್ತಾರೆಯೇ ಹೊರತು, ಚಿತ್ರ ತೆಗೆಯುವವನು ತನ್ನ ವಸ್ತುವಿನಿಂದ ಎಷ್ಟು ದೂರದಲ್ಲಿ ನಿಲ್ಲಬಯಸುತ್ತಾನೆಂಬ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ. ಲೆನ್ಸಿನ ಆಯ್ಕೆಯೆಂಬುದು ಮೂಲತಃ ದೂರದ ಆಯ್ಕೆ; ಅದೊಂದು ನಿಶ್ಚಯವಾದಲ್ಲಿ ಬಾಡಿ, ಟ್ರೈಪಾಡು, ಫಿಲ್ಟರುಗಳ ಪ್ರಶ್ನೆಗಳು ಬಹುಮಟ್ಟಿಗೆ ತಾವಾಗಿಯೇ ಇತ್ಯರ್ಥವಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲಣ ಗೊಮ್ಮಟಮೂರ್ತಿಯನ್ನು ನೋಡೋಣ. ಸುಮಾರು 58 ಅಡಿ ಎತ್ತರದ ಆ ವಿಗ್ರಹದ ಎದುರಿನ ಪ್ರಾಂಗಣ ಅದರ ಎತ್ತರಕ್ಕೆ ತಕ್ಕಷ್ಟು ವಿಶಾಲವಾಗಿಲ್ಲ. ಪಾದಗಳಿಂದ 20 ಅಡಿ ಹಿಂದೆ ನಿಂತು, 20 ಮಿ.ಮೀ. ವಿಶಾಲಕೋನದ ಲೆನ್ಸನ್ನು ಮೇಲಕ್ಕೆತ್ತಿ ತೆಗೆದ ಚಿತ್ರದಲ್ಲಿ ಪಾದಗಳು ಬೃಹತ್ತಾಗಿಯೂ ಮುಖ ಅಲ್ಪವಾಗಿಯೂ ಕಾಣುತ್ತವೆ. ಲೆನ್ಸು ಮೂರ್ತಿಯನ್ನು ವಿರೂಪಗೊಳಿಸಿತೆಂದು ನೋಡಿದವರು ದೂರುತ್ತಾರೆ. ಅಪರಾಧ ಲೆನ್ಸಿನದಲ್ಲ. ಕಣ್ಣಿಗೂ ಪಾದಕ್ಕೂ 20 ಅಡಿಯಿರುವಲ್ಲಿ ಕಣ್ಣಿಗೂ ಮುಖಕ್ಕೂ 50 ಅಡಿಗೆ ಮಿಕ್ಕಿದ ಅಂತರವಿರುವುದರಿಂದ, ಎರಡೂವರೆ ಪಟ್ಟಿಗೂ ಹೆಚ್ಚಾದ ಆ ತಾರತಮ್ಯವನ್ನು ಲೆನ್ಸು ಇದ್ದಂತೆಯೇ ಒಪ್ಪಿಸಿದೆ. ಅದೇ ಜಾಗದಿಂದ 100 ಮಿ.ಮೀ. ಲೆನ್ಸಿನಲ್ಲಿ ಮುಖವೊಂದನ್ನೇ ತೆಗೆದರೂ ಕಾಣುವುದು ಕೆಳಗಿನಿಂದ ನೋಡಿದ ಗಲ್ಲ ಮತ್ತು ಮೂಗಿನ ಹೊಳ್ಳೆಗಳು. ಬದಲಾಗಿ ಎದುರಿನ ಚಿಕ್ಕಬೆಟ್ಟವನ್ನೇರಿ, ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನು ಬಾಣ ಬಿಟ್ಟನೆಂದು ಐತಿಹ್ಯ ಹೇಳುವ ಆ ಬಂಡೆಗಳ ಮೇಲಿನಿಂದ ದಿಟ್ಟಿಸಿದರೆ, ಪ್ರಾಕಾರದ ಮೇಲೆದ್ದು ನಿಂತ ಮೂರ್ತಿಯ ಶಿರೋಭಾಗ ಪ್ರಮಾಣಭಂಗವಿಲ್ಲದೆ ಗೋಚರಿಸುತ್ತದೆ. ಆದರೆ ಅಲ್ಲಿ 50 ಮಿ.ಮೀ. ಲೆನ್ಸು ಅದನ್ನು ಚುಕ್ಕೆಯಾಗಿಸುತ್ತದೆ, 400 ಮಿ.ಮೀ. ಲೆನ್ಸಿನಲ್ಲಿ ಮಾತ್ರ ಅದು ಚಿತ್ರವೆನಿಸೀತು. ಪಾದಮೂಲದಲ್ಲಿ ನಿಂತ ಭಕ್ತನ ಅನುಭವ ಒಂದು, ದೂರದಿಂದ ರೂಪವನ್ನು ವಿವೇಚಿಸುವವನ ಅನುಭವ ಇನ್ನೊಂದು, ಎರಡೂ ಸತ್ಯವೇ. ಹತ್ತಿರದ್ದಕ್ಕೂ ದೂರದ್ದಕ್ಕೂ ಇರುವ ಪ್ರಮಾಣವನ್ನು ನಿರ್ಣಯಿಸುವುದು ನಿಂತ ಸ್ಥಳ. ಅಲ್ಲಿಂದ ಕಾಣುವುದರಲ್ಲಿ ಎಷ್ಟು ಭಾಗವನ್ನು ಚೌಕಟ್ಟಿಗೆ ತಂದುಕೊಳ್ಳಬೇಕೆಂಬುದಷ್ಟೇ ಲೆನ್ಸಿನ ಅಧಿಕಾರ.

1925ರಲ್ಲಿ ಲೈಪ್ಜಿಗ್ ನಗರದ ಮೇಳಕ್ಕೆ ಬಂದ, ಆಸ್ಕರ್ ಬಾರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾದಲ್ಲಿ ಲೆನ್ಸು ಬದಲಿಸುವ ಅವಕಾಶವೇ ಇರಲಿಲ್ಲ, 24x36 ಮಿ.ಮೀ. ಫಿಲ್ಮಿನ ಚೌಕಕ್ಕೆ 50 ಮಿ.ಮೀ. ಸಂಗಮದೂರದ ಲೆನ್ಸೊಂದು ಸ್ಥಿರವಾಗಿ ಜೋಡಣೆಗೊಂಡಿತ್ತು. ಮುಂದೆ ಬಗೆಬಗೆಯ ಲೆನ್ಸುಗಳು ದೊರೆತ ಕಾಲದಲ್ಲಿಯೂ ಫ್ರೆಂಚ್ ಛಾಯಾಗ್ರಾಹಕ ಹೆನ್ರಿ ಕಾರ್ತಿಯೇ-ಬ್ರೆಸೋನ್ ತನ್ನ ಕೆಲಸದ ಬಹುಭಾಗವನ್ನು 50 ಮಿ.ಮೀ. ಲೆನ್ಸಿನಲ್ಲಿಯೇ ನಡೆಸಿದನು. ಇದನ್ನು ವೈರಾಗ್ಯವೆಂದು ಹೊಗಳಬೇಕಾದ ಅಗತ್ಯವಿಲ್ಲ. ಒಂದೇ ಸಂಗಮದೂರಕ್ಕೆ ಅಭ್ಯಾಸವಾದವನು, ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯುವ ಮೊದಲೇ ಎಷ್ಟು ಹೆಜ್ಜೆ ಮುಂದೆ ಹೋದರೆ ಚೌಕಟ್ಟು ತುಂಬೀತೆಂಬುದನ್ನು ಅರಿತಿರುತ್ತಾನೆ. ಝೂಮ್ ಲೆನ್ಸಿನವನು ನಿಂತಲ್ಲಿಯೇ ನಿಂತು ಬಳೆ ತಿರುಗಿಸುವ ಪ್ರಲೋಭನೆಗೆ ಸುಲಭವಾಗಿ ಒಳಗಾಗುತ್ತಾನೆ. ಹಾಗೆಂದು ಝೂಮ್ ತ್ಯಾಜ್ಯವೆಂದಲ್ಲ: ರಥೋತ್ಸವದ ನೂಕುನುಗ್ಗಲಿನಲ್ಲಿ ಕಾಲಿಡಲು ತೆರವಿಲ್ಲದವನಿಗೆ ಅದೇ ಆಶ್ರಯ. ಆದರೆ ಜಾಗ ಬದಲಿಸುವ ಅವಕಾಶವಿದ್ದೂ ಬಳೆ ತಿರುಗಿಸಿದವನು, ನೋಟವನ್ನು ಬದಲಿಸದೆ ಅದರ ಅಂಚನ್ನು ಕತ್ತರಿಸಿದವನಾಗುತ್ತಾನೆ.

ದೂರದ ಪ್ರಶ್ನೆ ರೇಖಾಗಣಿತದಲ್ಲಿಯೇ ಮುಗಿಯುವಂಥದ್ದಲ್ಲ. ಅದು ನಡತೆಯ ಪ್ರಶ್ನೆಯೂ ಹೌದು. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದ ಬೆಂಗಳೂರಿನ ಛಾಯಾಗ್ರಾಹಕರು ವನ್ಯಜೀವಿಗಳ ಚಿತ್ರಣದಲ್ಲಿ ಹೆಸರಾದ ಕಾಲದಲ್ಲಿ, ಗೂಡಿನ ಸಮೀಪ ಮರೆ ಕಟ್ಟಿ, ಅದರೊಳಗೆ ಗಂಟೆಗಟ್ಟಲೆ ಕುಳಿತು, ಫ್ಲ್ಯಾಷಿನ ಬೆಳಕಿನಲ್ಲಿ ಹಕ್ಕಿಯನ್ನು ಸೆರೆಹಿಡಿಯುವುದು ಸಾಮಾನ್ಯ ಕ್ರಮವಾಗಿತ್ತು. ಅಂದಿನ ಲೆನ್ಸುಗಳೂ ಫಿಲ್ಮುಗಳೂ ಆ ಸಾಮೀಪ್ಯವನ್ನು ಬೇಡುತ್ತಿದ್ದವು. ಇಂದು ಗೂಡಿನ ಬಳಿ ಸುಳಿಯುವುದನ್ನು ಪಕ್ಷಿಪ್ರೇಮಿಗಳು ಒಪ್ಪುವುದಿಲ್ಲ. 500 ಅಥವಾ 600 ಮಿ.ಮೀ. ಟೆಲಿ ಲೆನ್ಸು ಹಕ್ಕಿಗೆ ಸಲ್ಲಿಸುವ ಮರ್ಯಾದೆಯೆನಿಸಿದೆ. ಅದೇ ಲೆನ್ಸನ್ನು ಸಂತೆಯ ಮೂಲೆಯಲ್ಲಿ ನಿಂತು ಮನುಷ್ಯರ ಕಡೆಗೆ ತಿರುಗಿಸಿದೊಡನೆ ಮರ್ಯಾದೆ ಅಮರ್ಯಾದೆಯಾಗುತ್ತದೆ: ಎದುರಿನ ವೃದ್ಧೆಗೆ ತನ್ನ ಚಿತ್ರವನ್ನು ತೆಗೆಯಲಾಗುತ್ತಿದೆಯೆಂಬುದೇ ತಿಳಿಯದು, ಬೇಡವೆಂದು ಮುಖ ತಿರುಗಿಸುವ ಸ್ವಾತಂತ್ರ್ಯವೂ ಅವಳಿಗೆ ಉಳಿಯದು. 35 ಮಿ.ಮೀ. ಲೆನ್ಸು ಹಿಡಿದವನು ಅವಳ ಬುಟ್ಟಿಯ ಪಕ್ಕಕ್ಕೇ ಬರಬೇಕು, ಬಂದ ಮೇಲೆ ಎರಡು ಮಾತನಾಡಬೇಕು, ಬೈದರೆ ಬೈಸಿಕೊಳ್ಳಬೇಕು. ಹಕ್ಕಿಗೆ ದೂರ, ಮನುಷ್ಯನಿಗೆ ಸಾಮೀಪ್ಯ ಎಂಬುದನ್ನು ನಿರಪವಾದ ನಿಯಮವೆಂದು ನಾನು ಹೇಳುವುದಿಲ್ಲವಾದರೂ, ಲೆನ್ಸು ಕೊಳ್ಳುವವನು ತನ್ನ ವಸ್ತುವಿನೊಡನೆ ಒಂದು ಸಂಬಂಧವನ್ನೂ ಆರಿಸಿಕೊಳ್ಳುತ್ತಿದ್ದಾನೆಂಬುದು ಇದರಿಂದ ಸ್ಪಷ್ಟವಾದೀತು.

ಇನ್ನು ಹಣದ ಮಾತು. 400 ಮಿ.ಮೀ. ಲೆನ್ಸಿಗೆ ಎಫ್/2.8ರ ದ್ಯುತಿರಂಧ್ರ ಬೇಕೆಂದರೆ ಆ ರಂಧ್ರದ ವ್ಯಾಸ 143 ಮಿ.ಮೀ.ನಷ್ಟಾಗಬೇಕು, ಎಫ್/5.6 ಸಾಕೆಂದರೆ ಅದರ ಅರ್ಧವಾದರಾಯಿತು. ಒಳಬರುವ ಬೆಳಕು ನಾಲ್ಕು ಪಟ್ಟಾಗಲು ಗಾಜಿನ ಅಗಲ ಇಮ್ಮಡಿಯಾಗಬೇಕಾದ್ದರಿಂದ, ತೂಕವೂ ಬೆಲೆಯೂ ಏರುವುದು ಪ್ರಕೃತಿನಿಯಮವೇ ಸರಿ. ಹೀಗಿರುವಲ್ಲಿ, ಬೆಳಗಿನ ಮಬ್ಬಿನಲ್ಲಿ ನಾಗರಹೊಳೆಯ ಹಾದಿಗಳಲ್ಲಿ ಅಲೆಯುವವನಿಗೆ ಆ ಬೆಲೆ ಅರ್ಥವುಳ್ಳದ್ದು. ರಂಗನತಿಟ್ಟಿನಲ್ಲಿ ಹತ್ತು ಗಂಟೆಯ ಬಿಸಿಲಿಗೆ ದೋಣಿಯೇರುವವನಿಗೆ ಅದು ಹೆಗಲಿನ ಹೊರೆ.

ಲೆನ್ಸಿಗೂ ಬಾಡಿಗೂ ಹಣವನ್ನು ಹಂಚಬೇಕಾಗಿ ಬಂದಾಗ ಲೆನ್ಸಿಗೆ ಅಗ್ರಪೂಜೆ ಸಲ್ಲಬೇಕೆಂಬ ಹಳೆಯ ಮಾತು ಇಂದಿಗೂ ಸಲ್ಲುತ್ತದೆ. ಗಾಜು ನಿಧಾನವಾಗಿ ಹಳತಾಗುತ್ತದೆ. ಸೆನ್ಸರು, ಪ್ರೊಸೆಸರುಗಳು ಬೇಗ. ಲೆನ್ಸನ್ನು ಬಾಡಿಗೆ ಜೋಡಿಸಲೆಂದು 1959ರಲ್ಲಿ ನಿಕಾನ್ ಆರಂಭಿಸಿದ ಎಫ್ ಮೌಂಟ್ ಆರು ದಶಕಗಳ ಕಾಲ ಮೂಲಸ್ವರೂಪ ಕೆಡದೆ ನಡೆದುಬಂತು. ಇದಕ್ಕೆ ಅಪವಾದವೂ ಉಂಟು: 1987ರಲ್ಲಿ ಕ್ಯಾನನ್ ತನ್ನ ಮೌಂಟನ್ನೇ ಬದಲಿಸಲು, ಹಳೆಯ ಲೆನ್ಸುಗಳ ಒಡೆಯರು ಕೈಕೈ ಹಿಸುಕಿಕೊಂಡರು. ಆದಕಾರಣ ಬಾಡಿಯನ್ನು ಆರಿಸುವವನು ನೋಡತಕ್ಕದ್ದು ಅದರ ಪಿಕ್ಸೆಲ್ಲುಗಳ ಸಂಖ್ಯೆಗಿಂತ ಮೊದಲು, ಅದರ ಮೌಂಟಿಗೆ ತನಗೆ ಬೇಕಾದ ಲೆನ್ಸುಗಳು ದೊರೆಯುವುವೇ ಎಂಬುದನ್ನು. ಹಾರುವ ಹಕ್ಕಿಯನ್ನು ಬೆನ್ನಟ್ಟುವ ಆಟೋಫೋಕಸ್ಸೂ, ಮಂದಬೆಳಕಿನಲ್ಲಿ ಕಾಳುಕಾಳಾಗದ ಸೆನ್ಸರೂ ಹೊಸ ಬಾಡಿಗಳ ನಿಜವಾದ ಗುಣಗಳೆಂಬುದನ್ನು ನಿರಾಕರಿಸಬೇಕಾಗಿಲ್ಲ. ಕೆಟ್ಟ ಚಿತ್ರವೊಂದನ್ನು ಮುಂದಿಟ್ಟುಕೊಂಡು, ಇದು ಕೆಟ್ಟದ್ದು ಫೋಕಸ್ ತಪ್ಪಿದ್ದರಿಂದಲೋ, ಕೈ ನಡುಗಿದ್ದರಿಂದಲೋ, ತಾನು ನಿಲ್ಲಬಾರದಲ್ಲಿ ನಿಂತದ್ದರಿಂದಲೋ ಎಂದು ಹೇಳಬಲ್ಲವನು ಮಾತ್ರ ಹೊಸ ಬಾಡಿಗೆ ಅರ್ಹನು.

ಪರಿಕರಗಳ ವಿಷಯ ದೀರ್ಘವಾಗಿ ಹೇಳುವಂಥದ್ದಲ್ಲ. ನಿಲ್ಲುವ ಜಾಗವನ್ನು ಸ್ಥಿರಗೊಳಿಸುವ ಟ್ರೈಪಾಡಿಗೆ ಮೊದಲ ಸ್ಥಾನ; ಆದರೆ ನಡುಗಂಬವನ್ನು ಪೂರ್ತಿ ಮೇಲೆತ್ತಿದರೆ ಮೂರು ಕಾಲಿನ ದೃಢತೆ ಒಂಟಿಕಾಲಿಗೆ ಇಳಿಯುತ್ತದೆ. ಎಲೆ-ನೀರುಗಳ ಹೊಳಪನ್ನು ತೆಗೆಯುವ ಪೋಲರೈಸರ್ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗಿದರೂ ಕೊಳ್ಳಲು ಯೋಗ್ಯ, ಏಕೆಂದರೆ ಅದರ ಕೆಲಸವನ್ನು ಕಂಪ್ಯೂಟರಿನಲ್ಲಿ ಆಮೇಲೆ ಮಾಡುವುದು ಕಷ್ಟ. ಮಲೆನಾಡು, ಕರಾವಳಿಗಳಲ್ಲಿ ವಾಸಿಸುವವರಿಗಂತೂ ಗಾಳಿಯಾಡದ ಡಬ್ಬವೊಂದು, ಸಿಲಿಕಾ ಜೆಲ್ಲಿನ ಪೊಟ್ಟಣಗಳು ಲೆನ್ಸಿನಷ್ಟೇ ಅವಶ್ಯಕ: ಮಳೆಗಾಲದಲ್ಲಿ ಬ್ಯಾಗಿನ ಕತ್ತಲೆಯಲ್ಲಿ ಮರೆತ ಲೆನ್ಸನ್ನು ಓರೆಬೆಳಕಿಗೆ ಹಿಡಿದರೆ, ಒಳಗಾಜಿನ ಅಂಚಿನಿಂದ ಜೇಡನ ನೂಲಿನಂತೆ ಕವಲೊಡೆದ ಬೂಷ್ಟು ಕಾಣುತ್ತದೆ, ಬಹುಕಾಲ ಬಿಟ್ಟಲ್ಲಿ ಅದು ಗಾಜಿನ ಲೇಪವನ್ನೇ ಕೊರೆದು, ಒರಸಿದ ಮೇಲೂ ಕಲೆಯಾಗಿ ಉಳಿಯುತ್ತದೆ. ಸದಾ ಬಳಕೆಯಲ್ಲಿರುವ ಲೆನ್ಸಿಗೆ ಈ ಪೀಡೆ ಅಪರೂಪವೆಂಬುದು, ಹೆಚ್ಚು ಕೊಂಡು ಕಡಿಮೆ ಬಳಸುವವರು ಗಮನಿಸತಕ್ಕ ಸಂಗತಿ.

ತಾನು ಎಲ್ಲಿ ನಿಲ್ಲಬಯಸುತ್ತೇನೆಂಬುದು ತನಗೇ ತಿಳಿಯದೆಂದು ಯಾರಾದರೂ ಹೇಳಿದರೆ ಅದಕ್ಕೂ ಉಪಾಯವಿದೆ. ಡಿಜಿಟಲ್ ಚಿತ್ರವೊಂದೊಂದರ ಒಳಗೂ ಅದನ್ನು ತೆಗೆದ ಸಂಗಮದೂರ ದಾಖಲಾಗಿರುತ್ತದೆ. ಕಳೆದ ವರ್ಷದ ಚಿತ್ರಗಳಲ್ಲಿ ತನಗೆ ನಿಜವಾಗಿ ಮೆಚ್ಚುಗೆಯಾದವನ್ನಷ್ಟೇ ಬೇರೆ ಇರಿಸಿ ಆ ಅಂಕಿಗಳನ್ನು ಓದಿದವನಿಗೆ, ತನ್ನ ಕಾಲುಗಳು ಆಗಲೇ ಆರಿಸಿಕೊಂಡ ದೂರ ಯಾವುದೆಂಬುದು ಗೊತ್ತಾದೀತು. ಅಂಗಡಿಯವನ ಸಲಹೆ ಕೇಳುವುದು ಆಮೇಲಿನ ಕೆಲಸ.