ಸಾರಾಳ ಅಡುಗೆಮನೆ

ಯಜಮಾನಿ ಮಾರ್ಗರೆಟ್ ವೇಲಿನ್‌ಗೆ ಹೊಸ ಮೇಜು-ಕುರ್ಚಿ, ಪಿಂಗಾಣಿ ತಟ್ಟೆಗಳು ಬೇಕಾದವು. ದುಡ್ಡು ಹೊಂದಿಸಲು ಅವಳ ಗಂಡ ಅಡುಗೆಯ ಸಾರಾಳ ಮೂವರು ಮಕ್ಕಳನ್ನು ಮಾರಿದ. ಮಾತು ಬಾರದ ಮಗಳು ಕ್ಯಾರಿಯೊಬ್ಬಳನ್ನು ಉಳಿಸಿದ. ಆ ತಟ್ಟೆಗಳಿಗೆ ದಿನವೂ ಬೇಯಿಸಿ ಹಾಕುವವಳು ಸಾರಾಳೇ. ಇರುವ ಒಬ್ಬಳೂ ಕೈತಪ್ಪಿಯಾಳೆಂದು ಬಾಯಿ ಬಿಗಿಹಿಡಿದು ಬದುಕುತ್ತಾಳೆ.

ಆಕ್ಟೇವಿಯಾ ಬಟ್ಲರ್ ಅವರ ‘ಕಿಂಡ್ರೆಡ್’ (1979) ಕಾದಂಬರಿ ಎಂದರೆ ನನಗೆ ಮೊದಲು ನೆನಪಾಗುವುದು ಈ ಅಡುಗೆಮನೆ. 1976ರ ಕ್ಯಾಲಿಫೋರ್ನಿಯಾದ ಕಪ್ಪು ಯುವತಿ ಡೇನಾ ತಲೆಸುತ್ತಿ ಬಿದ್ದು, ಕಣ್ಣು ಬಿಟ್ಟರೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡ್. ಬಿಳಿ ಧಣಿ ವೇಲಿನ್‌ನ ಮಗ ರೂಫಸ್‌ನ ಜೀವಕ್ಕೆ ಕುತ್ತು ಬಂದಾಗಲೆಲ್ಲ ಅವಳು ಅಲ್ಲಿಗೆ ಎಳೆದೊಯ್ಯಲ್ಪಡುತ್ತಾಳೆ. ಅವನು ಅವಳ ಪೂರ್ವಜ. ಕಪ್ಪು ಹೆಣ್ಣು ಆಲಿಸ್‌ಳಲ್ಲಿ ಅವನಿಗೆ ಮಗು ಹುಟ್ಟದಿದ್ದರೆ ಡೇನಾಳ ವಂಶವೇ ಇಲ್ಲ.

ಓದುಗರಲ್ಲಿ ಜಗಳ ಹುಟ್ಟುವುದು ಇಲ್ಲೇ. ಆಲಿಸ್ ಗಂಡನೊಂದಿಗೆ ಓಡಿಹೋಗಿ ಸಿಕ್ಕಿಬಿದ್ದವಳು. ನಾಯಿಗಳು ಅವಳ ಮೈ ಹರಿದಿವೆ, ಗಂಡನ ಕಿವಿ ಕತ್ತರಿಸಿ ದಕ್ಷಿಣಕ್ಕೆ ಮಾರಿದ್ದಾರೆ. ಅಂಥವಳನ್ನು ಹಾಸಿಗೆಗೆ ಒಪ್ಪಿಸಿ ಕಳುಹಿಸು, ಇಲ್ಲವಾದರೆ ಹೊಡೆದು ಎಳೆದೊಯ್ಯುತ್ತೇನೆ ಎನ್ನುತ್ತಾನೆ ರೂಫಸ್. ಡೇನಾ ಆ ಮಾತನ್ನು ಆಲಿಸ್‌ಗೆ ಮುಟ್ಟಿಸುತ್ತಾಳೆ. ಇದೊಂದಕ್ಕಾಗಿ ಅವಳನ್ನು ಕ್ಷಮಿಸದ ಓದುಗರಿದ್ದಾರೆ. ನಾನೂ ಆ ಪುಟದಲ್ಲಿ ಸಿಟ್ಟಿನಿಂದ ಪುಸ್ತಕ ಮುಚ್ಚಿಟ್ಟಿದ್ದೆ. ಈಗ ಅನ್ನಿಸುತ್ತದೆ, ಬಟ್ಲರ್‌ಗೆ ಬೇಕಾದದ್ದು ಆ ಸಿಟ್ಟೇ. ಯಾವ ದಾರಿ ಹಿಡಿದರೂ ಹೆಣ್ಣಿನ ಮೈಯೇ ತೆರಬೇಕಾದ ಕಡೆ ‘ನಾನಾಗಿದ್ದರೆ ಎದುರಿಸುತ್ತಿದ್ದೆ’ ಎಂದು ಕುರ್ಚಿಯಲ್ಲಿ ಕೂತು ಹೇಳುವುದು ಸುಲಭ.

ಈ ಕಾದಂಬರಿಯ ಬೇರು ಬಟ್ಲರ್ ಅವರ ಕಾಲೇಜು ದಿನಗಳಲ್ಲಿದೆ. ನಮ್ಮನ್ನು ಹಿಂದಕ್ಕೆ ಎಳೆದ ಹಿರಿಯರನ್ನೆಲ್ಲ ಕೊಲ್ಲಬೇಕು ಅನ್ನಿಸುತ್ತದೆ, ಆದರೆ ಹೆತ್ತವರಿಂದಲೇ ಶುರುಮಾಡಬೇಕಲ್ಲ ಎಂದಿದ್ದನಂತೆ ಒಬ್ಬ ಕಪ್ಪು ಹುಡುಗ. ಬಟ್ಲರ್‌ಗೆ ತಮ್ಮ ತಾಯಿ ಕಣ್ಣಮುಂದೆ ಬಂದರು. ಆಕೆ ಬಿಳಿಯರ ಮನೆಗೆಲಸದವರು. ಹಿಂಬಾಗಿಲಿನಿಂದ ಒಳಹೋಗಿ, ಎದುರಲ್ಲೇ ಆಡಿದ ಹಗುರ ಮಾತನ್ನು ಕೇಳದಂತೆ ನುಂಗಿದವರು. ಚಿಕ್ಕಂದಿನಲ್ಲಿ ಮಗಳಿಗೆ ಅದು ನಾಚಿಕೆಯಾಗಿತ್ತು. ತನ್ನ ಊಟ ಬಂದದ್ದೂ ಆ ಬಾಗಿಲಿನಿಂದಲೇ ಎಂಬುದು ಹೊಳೆದದ್ದು ಆಮೇಲೆ. ಆ ತಾಯಿಯ ನೆರಳನ್ನೇ ನಾನು ಸಾರಾಳಲ್ಲಿ ಕಾಣುತ್ತೇನೆ.

ಡೇನಾಳೂ ಮೊದಲು ಸಾರಾಳನ್ನು ಕೀಳಾಗಿ ಕಂಡವಳು. ಓಡಿಹೋಗಲು ನೋಡಿ, ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿದ್ದು, ಬೆನ್ನ ಮೇಲೆ ಚಾಟಿಯೇಟು ಬಿದ್ದ ಮೇಲೆ ಅವಳ ಧಾಟಿ ಬದಲಾಗುತ್ತದೆ. ಕೊನೆಗೆ ತನ್ನ ಮೈಮೇಲೇ ಬಂದ ರೂಫಸ್‌ಗೆ ಚಾಕು ಹಾಕುತ್ತಾಳೆ. ಸಾಯುವಾಗಲೂ ಅವನು ಹಿಡಿದ ತೋಳು ಬಿಡುವುದಿಲ್ಲ. ಅವಳು ಮನೆಗೆ ಮರಳುವುದು 1976ರ ಜುಲೈ 4ರಂದು, ಅಮೆರಿಕ ಸ್ವಾತಂತ್ರ್ಯದ ಇನ್ನೂರು ವರ್ಷ ಆಚರಿಸುತ್ತಿದ್ದ ದಿನ. ಎಡತೋಳು ಗೋಡೆಯ ಗಾರೆಯಲ್ಲಿ ಸೇರಿಹೋಗಿದೆ, ಅವನ ಬೆರಳುಗಳಿದ್ದ ಜಾಗದಿಂದ ಕೆಳಕ್ಕೆ.